ಸಾಮಾನಿಗೊಂದು ನಂಬರು, ನಂಬರಿಗೊಂದು ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲದ ನೆನಪು ಹೇಳುವುದು ವಾಡಿಕೆ. ಆದರೆ ಸಮಿತಿಯವರು ನನಗೆ ಹೇಳಿದ್ದು ಬೇರೆ: “ನೆನಪು ಹೇಳೋರು ಭಾಳ ಮಂದಿ ಅದಾರ. ನೀವು ಮಾಡಿದ ಕೆಲಸದಾಗ ಮಕ್ಕಳಿಗೂ ರೈತರಿಗೂ ಉಪಯೋಗ ಆಗೂವಂಥದ್ದು ಏನರ ಹೇಳ್ರಿ.” ನಾನು ದುಡಿದದ್ದು ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ, ಅಂದರೆ ಸಾಮಾನಿನ ಗೋದಾಮಿನಲ್ಲಿ. ಸಾಮಾನು ಇಳಿಸಿಕೊಳ್ಳುವುದು, ನಂಬರು ಹಾಕುವುದು, ಇಡುವುದು, ಕೇಳಿದವರಿಗೆ ತೆಗೆದುಕೊಡುವುದು, ವರ್ಷಕ್ಕೊಮ್ಮೆ ಎಣಿಸುವುದು. ಕೇಳಲು ಬೇಸರ ಅನ್ನಿಸುವ ಕೆಲಸ. ಆದರೆ ಇದರಲ್ಲಿರುವ ನಂಬರಿನ ವಿಷಯ ನಮ್ಮ ಹೊಲಕ್ಕೂ ಮನೆಗೂ ದನದ ಕೊಟ್ಟಿಗೆಗೂ ಸಂಬಂಧಪಟ್ಟದ್ದು. ಅದನ್ನೇ ಇವತ್ತು ಹೇಳುತ್ತೇನೆ.

ಸಾಮಾನಿಗೆ ಗುರುತು ಹಾಕುವುದು ನಮ್ಮವರಿಗೆ ಹೊಸದೇನಲ್ಲ. ಮದುವೆಯಲ್ಲಿ ಆಯೇರಿ ಬಂದ ಪಾತ್ರೆಯ ಮೇಲೆ ಹೆಸರು ಕೊರೆಸಿರುತ್ತಾರೆ. ಊರಲ್ಲಿ ದೊಡ್ಡ ಕಾರ್ಯ ಆದಾಗ ಹತ್ತು ಮನೆಯ ಕೊಳಗ, ಪರಾತ, ಹಂಡೆ ಒಂದೆಡೆ ಸೇರುತ್ತವೆ. ಮರುದಿನ ಅವು ಜಗಳವಿಲ್ಲದೆ ಅವರವರ ಮನೆಗೆ ಹೋಗುವುದು ಆ ಕೊರೆದ ಹೆಸರಿನಿಂದ. ಮಡಿವಾಳರು ಬಟ್ಟೆಯ ಮೂಲೆಗೆ ಕೇರುಬೀಜದ ರಸದಿಂದ ಒಂದೊಂದು ಮನೆಗೆ ಒಂದೊಂದು ಗುರುತು ಇಡುತ್ತಿದ್ದರು. ಎಷ್ಟು ಒಗೆದರೂ ಹೋಗದ ಗುರುತು ಅದು. ಆ ಗುರುತಿನ ಹಿಂದೆ ಬರೆದ ವಹಿ ಇರಲಿಲ್ಲ, ಅವರ ತಲೆಯೇ ವಹಿ.

ಇಂಥ ಗುರುತು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಇದು ಯಾರದು? ಒಂದೇ ಮನೆಯ ನಾಲ್ಕು ಕೊಳಗಗಳಲ್ಲಿ ತೂತಾದದ್ದು ಯಾವುದು, ಅದನ್ನು ಯಾವಾಗ ಕೊಂಡದ್ದು ಎಂದು ಕೇಳಿದರೆ ಹೆಸರು ಸಾಲುವುದಿಲ್ಲ. ಅಲ್ಲಿ ನಂಬರು ಬೇಕಾಗುತ್ತದೆ.

ಸ್ಟೋರ್ಸಿನಲ್ಲಿ ನಂಬರುಗಳು ಮೂರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತವೆ. ಒಂದು, ಇದು ಯಾವ ಬಗೆಯ ಸಾಮಾನು? ಎರಡು, ಇದು ಯಾವ ತಂಡದಲ್ಲಿ ತಯಾರಾದದ್ದು? ಮೂರು, ಅದೇ ಬಗೆಯ ನೂರರಲ್ಲಿ ಇದು ಯಾವುದು? ಬಗೆ, ತಂಡ, ಬಿಡಿ. ಈ ಮೂರನ್ನೂ ಒಂದೇ ಎಂದುಕೊಂಡಲ್ಲಿಂದಲೇ ಗೊಂದಲ ಶುರುವಾಗುತ್ತದೆ, ನಷ್ಟವೂ ಶುರುವಾಗುತ್ತದೆ.

ಮಕ್ಕಳಿಗೆ ಹತ್ತಿರದ ಉದಾಹರಣೆ ಗ್ರಂಥಾಲಯ. ಒಂದೇ ನಿಘಂಟಿನ ಐದು ಪ್ರತಿಗಳಿವೆ ಎನ್ನೋಣ. ವಿಷಯಕ್ಕೆ ತಕ್ಕಂತೆ ಬೆನ್ನಿನ ಮೇಲೆ ಹಾಕುವ ಸಂಖ್ಯೆ ಐದಕ್ಕೂ ಒಂದೇ. ಅದು ಪುಸ್ತಕ ಯಾವ ಕಪಾಟಿನಲ್ಲಿ ಕೂರಬೇಕೆಂದು ಹೇಳುತ್ತದೆ. ಆದರೆ ವಹಿಯಲ್ಲಿ ಬರೆಯುವ ಪರಿಗ್ರಹಣ ಸಂಖ್ಯೆ ಐದಕ್ಕೂ ಬೇರೆ ಬೇರೆ. ಯಾವ ಹುಡುಗನ ಕೈಯಲ್ಲಿ ಯಾವ ಪ್ರತಿ ಇದೆ, ಹಾಳೆ ಹರಿದದ್ದು ಯಾವ ಪ್ರತಿಯಲ್ಲಿ ಎಂದು ಹೇಳುವುದು ಆ ಸಂಖ್ಯೆ. ಪುಸ್ತಕಗಳನ್ನು ವಿಷಯವಾರು ವಿಂಗಡಿಸಲು 1933ರಲ್ಲಿ ಕೋಲನ್ ಪದ್ಧತಿ ಕೊಟ್ಟ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಮೇಷ್ಟ್ರು. ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಗಣಿತದವರು ಗ್ರಂಥಾಲಯಕ್ಕೆ ಬಂದದ್ದು ಆಶ್ಚರ್ಯವಲ್ಲ. ಎರಡೂ ಕಡೆ ಕೆಲಸ ವಿಂಗಡಿಸುವುದೇ.

ಮೊದಲು ಬಗೆಯ ನಂಬರು ನೋಡೋಣ.

ನಮ್ಮ ಊರಲ್ಲಿ ಬೋರಿನ ಮೋಟಾರು, ಹಿಟ್ಟಿನ ಗಿರಣಿ ರಿಪೇರಿ ಮಾಡುವವರಿಗೆ ಬೇರಿಂಗ್ ನಂಬರು ಬಾಯಿಪಾಠ. 6204, 6205 ಎನ್ನುತ್ತಾರೆ. ಈ ಸಾಲಿನ ಬೇರಿಂಗುಗಳಲ್ಲಿ, 04ರಿಂದ ಮುಂದೆ, ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ. 04 ಐದಲೆ 20, 05 ಐದಲೆ 25. ಮುಂದೆ ಡಬಲ್ ಝೆಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ ಇದೆ ಎಂದರ್ಥ. ಜಗತ್ತಿನ ಯಾವ ಊರಿನ ಅಂಗಡಿಯಲ್ಲಿ 6205 ಕೇಳಿದರೂ ಅದೇ ಅಳತೆಯದು ಸಿಗುತ್ತದೆ. ಬೇರಿಂಗಿನ ಚಿತ್ರ ತೋರಿಸಿ “ಇಂಥಾದ್ದು ಕೊಡ್ರಿ” ಎಂದರೆ ಆಗದ ಕೆಲಸ ನಾಲ್ಕು ಅಂಕಿಯಲ್ಲಿ ಆಗುತ್ತದೆ.

ಬಿಸ್ಕೀಟು, ಸಾಬೂನಿನ ಪೊಟ್ಟಣದ ಮೇಲಿನ ಬಾರ್‌ಕೋಡ್ ಕೂಡ ಬಗೆಯ ನಂಬರೇ. ಅದರ ಕಥೆ ಚೆನ್ನಾಗಿದೆ. ಅಮೆರಿಕದ ವುಡ್‌ಲ್ಯಾಂಡ್ ಎಂಬವರಿಗೆ ತಂತಿ ಕಳಿಸುವ ಮೋರ್ಸ್ ಭಾಷೆ ಬರುತ್ತಿತ್ತು. ಮಯಾಮಿಯ ಕಡಲ ದಂಡೆಯಲ್ಲಿ ಕೂತಾಗ ಅವರು ಮರಳಿನ ಮೇಲೆ ಬೆರಳೆಳೆದು, ಚುಕ್ಕೆ ಮತ್ತು ಗೆರೆಗಳನ್ನು ಕೆಳಗೆ ಜಗ್ಗಿದರೆ ದಪ್ಪ ಸಣ್ಣ ಪಟ್ಟೆಗಳಾಗುತ್ತವಲ್ಲ ಎಂದು ಯೋಚಿಸಿದರು. ಗೆಳೆಯ ಸಿಲ್ವರ್ ಜೊತೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ನಾವು ನೋಡುವಂಥ ಪಟ್ಟೆಯನ್ನು ಅಂಗಡಿಯ ಯಂತ್ರ ಮೊದಲ ಬಾರಿ ಓದಿದ್ದು 1974ರ ಜೂನ್ 26ರಂದು, ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. 890ರಿಂದ ಶುರುವಾದ ಬಾರ್‌ಕೋಡ್ ಇದ್ದರೆ ಅದು ಭಾರತದಲ್ಲೇ ತಯಾರಾದ ಸಾಮಾನು ಎಂದು ಮೊಬೈಲಿನಲ್ಲಿ ಸುದ್ದಿ ಓಡಾಡುತ್ತದೆ. ಹಾಗಲ್ಲ. ಆ ಕಂಪನಿ ಭಾರತದ ನೋಂದಣಿ ಸಂಸ್ಥೆಯಿಂದ ನಂಬರು ಪಡೆದಿದೆ ಎಂದಷ್ಟೇ ಅರ್ಥ. ಸಾಮಾನು ಎಲ್ಲಿ ತಯಾರಾಯಿತು ಎಂಬುದನ್ನು ಪೊಟ್ಟಣದ ಮೇಲೆ ಬೇರೆಯಾಗಿ ಬರೆದಿರುತ್ತಾರೆ, ಅದನ್ನು ಓದಬೇಕು.

ವಿದ್ಯಾರ್ಥಿಗಳೇ, ಈಗ ಒಂದು ಲೆಕ್ಕ. ನಮ್ಮ ತಳಕಲ್ ರೈಲು ನಿಲ್ದಾಣ ನಿಮಗೆ ಗೊತ್ತು. ಇಲ್ಲಿಂದ ಕವಲೊಡೆದು ಕುಕನೂರು, ಯಲಬುರ್ಗಾ ಮೇಲೆ ಕುಷ್ಟಗಿಗೆ ಹೋಗುವ ಹೊಸ ಹಳಿಯಲ್ಲಿ 2025ರ ಮೇ ತಿಂಗಳಿಂದ ರೈಲು ಓಡುತ್ತಿದೆ. ಗೂಡ್ಸ್ ಗಾಡಿ ನಿಂತಾಗ ದೂರದಿಂದಲೇ ಒಂದು ಡಬ್ಬಿಯ ನಂಬರು ಬರೆದುಕೊಳ್ಳಿ. ಹನ್ನೊಂದು ಅಂಕಿ ಇರುತ್ತವೆ. ಮೊದಲ ಎರಡು ಡಬ್ಬಿಯ ಬಗೆ: 30ರ ಸಾಲು ಮುಚ್ಚಿದ ಡಬ್ಬಿ, 40ರ ಸಾಲು ಎಣ್ಣೆಯ ಟ್ಯಾಂಕು. ಮುಂದಿನ ಎರಡು ಅದು ಯಾವ ರೈಲ್ವೆಗೆ ಸೇರಿದ್ದು. ಮುಂದಿನ ಎರಡು ತಯಾರಾದ ವರ್ಷ. ಆಮೇಲಿನ ನಾಲ್ಕು ಆ ಡಬ್ಬಿಯ ಸ್ವಂತ ಸಂಖ್ಯೆ. ಹನ್ನೊಂದನೆಯದು ಕಾವಲು ಅಂಕಿ.

ಕಾವಲು ಅಂಕಿ ಬರುವುದು ಹೀಗೆ. ಮೊದಲ ಹತ್ತು ಅಂಕಿ 3114080563 ಎಂದಿರಲಿ. ಎಡದಿಂದ ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನದ ಅಂಕಿ ಕೂಡಿಸಿ: 1, 4, 8, 5, 3 ಸೇರಿ 21. ಮೂರರಿಂದ ಗುಣಿಸಿದರೆ 63. ಬೆಸ ಸ್ಥಾನದ 3, 1, 0, 0, 6 ಸೇರಿ 10. ಒಟ್ಟು 73. ಮುಂದಿನ ಹತ್ತರ ಗುಣಕ 80 ಆಗಲು 7 ಬೇಕು. ಆ 7 ಕಾವಲು ಅಂಕಿ. ಬರೆದುಕೊಳ್ಳುವವನು ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬಿಸ್ಕೀಟು ಪೊಟ್ಟಣದ ಹದಿಮೂರು ಅಂಕಿಯ ಕೊನೆಯ ಅಂಕಿಯೂ ಇದೇ ಲೆಕ್ಕದಿಂದ ಬರುತ್ತದೆ. ಮನೆಗೆ ಹೋಗಿ ಮಾಡಿ ನೋಡಿ. ಆದರೆ ಈ ಕಾವಲುಗಾರನಿಗೂ ಒಂದು ಕಡೆ ಕಣ್ಣು ಕಾಣುವುದಿಲ್ಲ. ಅಕ್ಕಪಕ್ಕದ ಎರಡು ಅಂಕಿಗಳ ನಡುವಿನ ಅಂತರ 5 ಇದ್ದು, ಉದಾಹರಣೆಗೆ 1 ಮತ್ತು 6, ಅವು ಅದಲುಬದಲಾದರೆ ಗೊತ್ತಾಗುವುದಿಲ್ಲ. ಯಾಕೆ ಎಂಬುದನ್ನು ಗಣಿತದ ಗುರುಗಳ ಹತ್ತಿರ ಕೇಳಿ ಬಿಡಿಸಿಕೊಳ್ಳಿ.

ಇನ್ನು ಎರಡನೆಯದು, ತಂಡದ ನಂಬರು. ಬ್ಯಾಚ್ ನಂಬರ್, ಲಾಟ್ ನಂಬರ್ ಎನ್ನುತ್ತೇವಲ್ಲ, ಅದು. ರೈತ ಬಾಂಧವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಾನು ಮಾತಾಡಲು ಒಪ್ಪಿದ್ದೇ ಈ ವಿಷಯಕ್ಕಾಗಿ.

ಮುಂಗಾರಿಗೆ ಒಬ್ಬ ರೈತ ಗೋವಿನಜೋಳದ ಬೀಜ ನಾಲ್ಕು ಪಾಕೀಟು ಒಯ್ಯುತ್ತಾನೆ. ಕಂಪನಿ ಒಂದೇ, ತಳಿ ಒಂದೇ, ಚಿತ್ರ ಒಂದೇ, ದರ ಒಂದೇ. ಎರಡು ಪಾಕೀಟಿನ ಬೀಜ ಚೆನ್ನಾಗಿ ಹುಟ್ಟುತ್ತದೆ, ಇನ್ನೆರಡರದು ಅಲ್ಲೊಂದು ಇಲ್ಲೊಂದು. ಅಂಗಡಿಯವರು “ಮಳಿ ಸರಿ ಆಗಿಲ್ಲ” ಎನ್ನುತ್ತಾರೆ. ಹೌದು ಎನ್ನಲೂ ಅಲ್ಲ ಎನ್ನಲೂ ರೈತನ ಕೈಯಲ್ಲಿ ಏನೂ ಇಲ್ಲ. ಖಾಲಿ ಪಾಕೀಟು ಬದುವಿನಲ್ಲಿ ಹಾರಿಹೋಗಿದೆ. ಬಿಲ್ಲಿನಲ್ಲಿ “ಬೀಜ 4” ಎಂದಷ್ಟೇ ಇದೆ. ಕೆಟ್ಟ ಎರಡು ಪಾಕೀಟು ಬೇರೆ ಲಾಟಿನವು ಎಂದು ತೋರಿಸಿದ್ದರೆ ಮಾತು ಬೇರೆಯೇ ಆಗುತ್ತಿತ್ತು. ಒಂದೇ ಹೊಲ, ಒಂದೇ ಮಳೆ, ಒಂದೇ ದಿನದ ಬಿತ್ತನೆ, ಲಾಟು ಮಾತ್ರ ಬೇರೆ ಎಂದಮೇಲೆ ಮಳೆಯ ಮೇಲೆ ಹಾಕಲು ಬರುವುದಿಲ್ಲ. ಅದೇ ಲಾಟಿನ ಬೀಜ ಒಯ್ದ ಪಕ್ಕದೂರಿನವನ ಹೊಲವೂ ಹಾಗೇ ಆಗಿದ್ದರೆ ಸಾಕ್ಷಿ ಎರಡಾದವು.

ಕಾನೂನು ಈ ವಿಷಯದಲ್ಲಿ ರೈತನ ಕಡೆಗಿದೆ. 1966ರ ಬೀಜ ಕಾಯ್ದೆ, 1968ರ ನಿಯಮಗಳ ಪ್ರಕಾರ ಚೀಟಿಯ ಮೇಲೆ ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನ ಇರಲೇಬೇಕು. 1983ರ ಬೀಜ ನಿಯಂತ್ರಣ ಆದೇಶದಂತೆ ಬೀಜ ಮಾರುವವರು ಬಿಲ್ಲು ಕೊಡಲೇಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ, ತಳಿವರ್ಧಕರ ಬೀಜಕ್ಕೆ ಬಂಗಾರದ ಹಳದಿ. ಬೀಜ ಕೆಟ್ಟರೆ ರೈತ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೋ ಇಲ್ಲವೋ ಎಂಬ ವಾದ ಬಹಳ ವರ್ಷ ನಡೆಯಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆಂಧ್ರದ ರೈತರು ಮತ್ತು ರಾಷ್ಟ್ರೀಯ ಬೀಜ ನಿಗಮದ ನಡುವಿನ ಪ್ರಕರಣದಲ್ಲಿ, ಹೋಗಬಹುದು, ರೈತನೂ ಗ್ರಾಹಕನೇ ಎಂದು ಹೇಳಿತು. ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಪರೀಕ್ಷೆಗೆಂದು ಮಾದರಿ ಉಳಿಸಿಕೊಂಡಿರಬೇಕೆಂದು ನಿರೀಕ್ಷಿಸಲಾಗದು ಎಂಬುದನ್ನೂ ಕೋರ್ಟು ಒಪ್ಪಿತು.

ಆದರೆ ಬಾಗಿಲು ತೆರೆದಿದೆ ಎಂದು ಬರಿಗೈಯಲ್ಲಿ ಹೋಗಬಾರದು. ನಾಲ್ಕು ಕೆಲಸ ಮಾಡಿ. ಅಂಗಡಿಯಲ್ಲೇ ನಿಂತು ಬಿಲ್ಲಿನ ಮೇಲೆ ತಳಿಯ ಹೆಸರಿನ ಜೊತೆಗೆ ಲಾಟ್ ನಂಬರು ಬರೆಸಿ. ಎರಡು ಲಾಟು ಇದ್ದರೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಪಾಕೀಟಿನ ಹಿಂಬದಿಯ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಖಾಲಿ ಪಾಕೀಟನ್ನೂ ರಾಶಿ ಆಗುವ ತನಕ ಒಗೆಯಬೇಡಿ. ಯಾವ ಹೊಲಕ್ಕೆ, ಯಾವ ಬದುವಿನಿಂದ ಯಾವ ಬದುವಿನ ತನಕ ಯಾವ ಲಾಟು ಬಿತ್ತಿದಿರಿ ಎಂದು ಮಕ್ಕಳ ಕೈಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಬೀಜದ ಜಾಡು ಹಿಡಿಯಲು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ‘ಸಾಥಿ’ ಎಂಬ ಪೋರ್ಟಲ್ ಶುರುಮಾಡಿದೆ, ಚೀಟಿಯ ಮೇಲೆ ಕ್ಯೂಆರ್ ಕೋಡ್ ಬರುತ್ತಿದೆ. ಒಳ್ಳೆಯದು. ಅದು ಬಂದರೂ ನಿಮ್ಮ ನೋಟ್‌ಬುಕ್ ಬಿಡಬೇಡಿ. ಬೀಜ ಅಂಗಡಿಯ ತನಕ ಬಂದ ಜಾಡು ಸರ್ಕಾರದ ಹತ್ತಿರ ಇದ್ದೀತು, ಅಂಗಡಿಯಿಂದ ಹೊಲದ ತನಕದ ಜಾಡು ನಿಮ್ಮ ಹತ್ತಿರ ಮಾತ್ರ ಇರುತ್ತದೆ.

ಔಷಧಿಯ ಮಾತೂ ಇದೇ. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟಾಗ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಬಹಳ ಸಲ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆಗ ಬಿಲ್ಲಾದರೂ ಕೇಳಿ, ಅದರಲ್ಲಿ ಬ್ಯಾಚ್ ಇರುತ್ತದೆ. ಹೆಚ್ಚು ಮಾರಾಟವಾಗುವ 300 ಔಷಧಿಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಒಂದು ಬ್ಯಾಚಿನಲ್ಲಿ ದೋಷ ಸಿಕ್ಕರೆ ಅದೊಂದನ್ನೇ ಎಲ್ಲ ಅಂಗಡಿಗಳಿಂದ ವಾಪಸ್ ತರಿಸಬಹುದು. ಬ್ಯಾಚ್ ನಂಬರು ಇಲ್ಲದಿದ್ದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕೂಡಿಯೇ ಎಸೆಯಬೇಕು, ಇಲ್ಲವೇ ಕೂಡಿಯೇ ನುಂಗಬೇಕು.

ಮನೆ ಕಟ್ಟಿಸುವವರು ಸಿಮೆಂಟ್ ಚೀಲದ ಮೇಲೆ ಯಾವ ವರ್ಷದ ಎಷ್ಟನೆಯ ವಾರ ಎಂದು ಒತ್ತಿರುವುದನ್ನು ನೋಡಿ ಇಳಿಸಿಕೊಳ್ಳಿ. ಮಳೆಗಾಲದಲ್ಲಿ ಹಳೆಯ ಸಿಮೆಂಟು ಗಂಟು ಕಟ್ಟುತ್ತದೆ, ಬಲ ಕಳೆದುಕೊಳ್ಳುತ್ತದೆ. ಗೋದಾಮಿನ ಮೊದಲ ಪಾಠ, ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಚೀಲ ಮುಂದಿಟ್ಟು ಹಳೆಯದನ್ನು ಹಿಂದೆ ತಳ್ಳುವುದು ಸುಲಭ. ಸುಲಭದ ಕೆಲಸ ಮಾಡಿದ ಗೋದಾಮಿನಲ್ಲಿ ಗೋಡೆಯ ಬದಿಗಿನ ಚೀಲಗಳು ಕಲ್ಲಾಗುತ್ತವೆ.

ನಾವು ಮಾರುವ ಮಾಲಿಗೂ ಲಾಟ್ ನಂಬರು ಬಂದಿದೆ. 2014ರಿಂದ ಕರ್ನಾಟಕದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಹರಾಜಿನ ವ್ಯವಸ್ಥೆ ಶುರುವಾಯಿತು. ಗೇಟಿನಲ್ಲಿ ದಾಖಲಾದ ನಿಮ್ಮ ರಾಶಿಗೆ ಒಂದು ಲಾಟ್ ನಂಬರು, ಆ ನಂಬರಿನ ಮೇಲೆ ಖರೀದಿದಾರರ ಬೆಲೆ. ತೂಕದ ಚೀಟಿಯಲ್ಲಿರುವುದು ನಿಮ್ಮದೇ ನಂಬರೋ ಎಂದು ನೋಡಿಕೊಂಡೇ ಅಡತಿಯಿಂದ ಎದ್ದು ಬನ್ನಿ. ಪಕ್ಕದ ರಾಶಿಯೂ ಕಡಲೆಯೇ, ಬಣ್ಣವೂ ಅದೇ.

ಮೂರನೆಯದು ಬಿಡಿ ನಂಬರು. ಜಗತ್ತಿನಲ್ಲಿ ಆ ಒಂದೇ ವಸ್ತುವಿಗೆ ಇರುವ ನಂಬರು. ನಿಮ್ಮ ಎಮ್ಮೆ, ಆಕಳಿನ ಕಿವಿಯಲ್ಲಿರುವ ಹಳದಿ ಓಲೆಯ ಮೇಲೆ 12 ಅಂಕಿ ಇವೆ. ಲಸಿಕೆ, ಗರ್ಭಧಾರಣೆ ಎಲ್ಲ ಆ ನಂಬರಿನ ಮೇಲೆ ದಾಖಲಾಗುತ್ತವೆ. ವಿಮೆ ಮಾಡಿಸಿದ ಜಾನುವಾರು ಸತ್ತಾಗ ಓಲೆ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ. ಓಲೆ ಕಿತ್ತುಹೋದ ದಿನವೇ ಪಶು ಆಸ್ಪತ್ರೆಗೆ ತಿಳಿಸಿ ಬೇರೆ ಹಾಕಿಸಿ.

ತಾಯಂದಿರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಬಂಗಾರದ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ನಂಬರು ಇದ್ದರೆ ಮಾತ್ರ ಅಂಗಡಿಯವರು ಮಾರಬಹುದು. ಒಂದೊಂದು ಆಭರಣಕ್ಕೆ ಒಂದೊಂದು ನಂಬರು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾವ ಬಗೆಯ ಆಭರಣ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂದು ಬರುತ್ತದೆ. ಆ್ಯಪು ಬಳೆ ಎಂದು ತೋರಿಸಿ, ನಿಮ್ಮ ಕೈಯಲ್ಲಿ ಉಂಗುರ ಇದ್ದರೆ ಅಲ್ಲೇ ನಿಂತು ಕೇಳಿ. ಮೊಬೈಲಿಗೂ 15 ಅಂಕಿಯ ಸ್ವಂತ ನಂಬರು ಇದೆ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಕಾಣುತ್ತದೆ. ಇವತ್ತೇ ಬರೆದಿಡಿ, ಕಳುವಾದ ಮೇಲೆ ಒತ್ತಲು ಮೊಬೈಲು ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಂಬರು ಇದ್ದ ಮಾತ್ರಕ್ಕೆ ಸಾಮಾನು ಒಳ್ಳೆಯದು ಎಂದಲ್ಲ. ಕೆಟ್ಟ ಬೀಜಕ್ಕೂ ಲಾಟ್ ನಂಬರು ಇರುತ್ತದೆ. ತಕರಾರು ಬಂದಾಗ ಯಾವುದನ್ನು, ಯಾರನ್ನು, ಯಾವ ದಿನದ ಬಗ್ಗೆ ಕೇಳಬೇಕು ಎಂಬುದನ್ನು ನಂಬರು ಹೇಳುತ್ತದೆ. ಕೇಳುವವರು ಮಾತ್ರ ನಾವೇ ಆಗಿರಬೇಕು. ಹಾಗೆಯೇ ವಹಿ ಇಲ್ಲದ ನಂಬರು ಗೋಡೆಯ ಮೇಲೆ ಗೀಚಿದ ಅಂಕಿಯಷ್ಟೇ.

ನಾವು ಸ್ಟೋರ್ಸಿನಲ್ಲಿ ಪಾಲಿಸುತ್ತಿದ್ದ ನಿಯಮಗಳು ಕೆಲವೇ. ಒಮ್ಮೆ ಕೊಟ್ಟ ನಂಬರನ್ನು, ಆ ಸಾಮಾನು ಹಾಳಾಗಿ ಹೋದರೂ, ಇನ್ನೊಂದಕ್ಕೆ ಕೊಡಬಾರದು. ನಂಬರಿನೊಳಗೆ ಇಟ್ಟ ಜಾಗ, ದರ ಸೇರಿಸಬಾರದು. ಜಾಗ ಬದಲಾಗುತ್ತದೆ, ದರ ಬದಲಾಗುತ್ತದೆ, ನಂಬರು ಬದಲಾಗಬಾರದು. ಸೊನ್ನೆಯಂತೆ, ಒಂದರಂತೆ ಕಾಣುವ ಇಂಗ್ಲಿಷ್ ಅಕ್ಷರ ಬಳಸಬಾರದು. ಸಾಮಾನು ಕೊಟ್ಟ ಕೂಡಲೇ ಬರೆಯಬೇಕು, ಸಂಜೆಗೆ ಬರೆದರಾಯಿತು ಎನ್ನಬಾರದು. ವರ್ಷಕ್ಕೊಮ್ಮೆಯಾದರೂ ವಹಿ ಬದಿಗಿಟ್ಟು ಸಾಮಾನನ್ನೇ ಎಣಿಸಬೇಕು. ಎಣಿಸುವವನು ವಹಿ ಬರೆಯುವವನಲ್ಲದೆ ಬೇರೆಯವನಾಗಿರಬೇಕು. ಇದರಲ್ಲಿ ಅಪನಂಬಿಕೆ ಇಲ್ಲ. ಲೆಕ್ಕ ಸರಿ ಇದ್ದಾಗ ವಹಿ ಬರೆಯುವವನಿಗೇ ಅದರಿಂದ ಹೆಚ್ಚಿನ ರಕ್ಷಣೆ.

ಕೊನೆಯದಾಗಿ ಎರಡು ಬೇಡಿಕೆ. ಈ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬೆಂಚು, ಪುಸ್ತಕ, ಬೇರೆ ಬೇರೆ ಸಾಮಾನು ಕೊಡುತ್ತಿದ್ದೀರಿ. ದಾನಿಗಳ ಹೆಸರು ದೊಡ್ಡದಾಗಿ ಬರೆಸಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಒಂದೊಂದಕ್ಕೂ ನಂಬರು ಹಾಕಿಸಿ, ದಾಸ್ತಾನು ವಹಿಯಲ್ಲಿ ಏರಿಸಿ, ಬೇಸಿಗೆ ರಜೆಗೆ ಮುಂಚೆ ಒಂಬತ್ತನೆಯ ತರಗತಿಯ ಮಕ್ಕಳಿಂದ ಎಣಿಸಿಸಿ. ಮುಂದೆ ಶಾಲೆಯ ಇನ್ನೊಂದು ಉತ್ಸವ ನಡೆಯುವಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹೇಳಲು ಅದೊಂದೇ ದಾಖಲೆ.

ಎರಡನೆಯದು ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ. ಬರುವ ಮುಂಗಾರಿಗೆ ನಿಮ್ಮ ಮನೆಗೆ ಬಂದ ಬೀಜದ ಪಾಕೀಟುಗಳ ತಳಿ, ಲಾಟ್ ನಂಬರು, ಪರೀಕ್ಷೆಯ ದಿನಾಂಕ, ಬಿತ್ತಿದ ದಿನ, ಎಷ್ಟು ಹುಟ್ಟಿತು ಎಂದು ಒಂದೊಂದು ಹಾಳೆಯಲ್ಲಿ ಬರೆದು ಶಾಲೆಗೆ ತನ್ನಿ. ಎಲ್ಲ ಹಾಳೆ ಸೇರಿಸಿದರೆ ಊರಿನ ಬೀಜದ ವಹಿ ಆಗುತ್ತದೆ. ಯಾರದಾದರೂ ಬೀಜ ಹುಟ್ಟದೆ ಹೋದರೆ, ಅದೇ ಲಾಟು ಇನ್ನು ಯಾರ ಹೊಲದಲ್ಲಿದೆ ಎಂದು ಆ ವಹಿಯಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಒಬ್ಬರೇ ಹೋಗುವ ಬದಲು ಹತ್ತು ಮಂದಿ ಕೂಡಿ ಹೋಗಬಹುದು. ಅದಕ್ಕೆ ಬೇಕಾಗುವ ವಹಿಗಳನ್ನು, ನಾನಿರುವ ತನಕ ಪ್ರತಿ ವರ್ಷ ಮೇ ತಿಂಗಳಲ್ಲಿ ಶಾಲೆಗೆ ತಂದುಕೊಡುವ ಜವಾಬ್ದಾರಿ ನನ್ನದು. ಮೊದಲ ವಹಿಯನ್ನು ಇವತ್ತೇ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದ್ದೇನೆ. ಅದರ ಮೇಲೆ 1 ಎಂದು ನಂಬರು ಹಾಕಿದೆ.